ಕಬಡ್ಡಿ ಹರಾಜಿಗೂ ಮೊದಲು ತಂಡದ ಕೊರತೆ ಲೆಕ್ಕ ಹಾಕುವ ಬಗೆ

ಪ್ರೊ ಕಬಡ್ಡಿ ಹರಾಜು ಹತ್ತಿರ ಬಂತೆಂದರೆ ಹುಬ್ಬಳ್ಳಿಯ ವಿದ್ಯಾನಗರದಿಂದ ಹಿಡಿದು ರಾಣೆಬೆನ್ನೂರಿನ ತನಕ ಕಬಡ್ಡಿ ನೋಡುವವರು ಕೇಳುವ ಮೊದಲ ಪ್ರಶ್ನೆ, ‘ಬೆಂಗಳೂರು ಬುಲ್ಸ್ ಈ ಸಲ ಯಾರನ್ನ ತಗೋತಾರ?’ ಈ ಪ್ರಶ್ನೆಯಿಂದ ಹೊರಟವರು ಸಾಮಾನ್ಯವಾಗಿ ಕಳೆದ ಸೀಸನ್‌ನಲ್ಲಿ ಹೆಚ್ಚು ಅಂಕ ಗಳಿಸಿದ ರೈಡರ್ (ಎದುರಾಳಿ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವವನು) ಹೆಸರಿಗೆ ಬಂದು ನಿಲ್ಲುತ್ತಾರೆ. ಮೊದಲು ಕೇಳಬೇಕಾದದ್ದು ಬೇರೆ: ಮ್ಯಾಟ್ ಮೇಲೆ ಯಾವ ಜಾಗ ಖಾಲಿ ಇದೆ? ಜಾಗ ತಿಳಿದ ಮೇಲೆ ಚೀಲದಲ್ಲಿ ಉಳಿದ ದುಡ್ಡು, ಆಮೇಲೆ ಹರಾಜಿಗೆ ಬಂದಿರುವ ಆಟಗಾರರು, ಕೊನೆಗೆ ಹೆಸರು. ಈ ಕ್ರಮ ಬಿಡದೆ ಕೂತರೆ 12 ತಂಡಗಳ ಬಹುಪಾಲು ಕೊರತೆಯನ್ನು ಹರಾಜಿನ ಹಿಂದಿನ ದಿನವೇ ಬರೆದಿಡಬಹುದು.

ಏಳು ಜಾಗದ ಹಾಳೆ

ತಂಡಕ್ಕೊಂದು ಹಾಳೆ ತೆಗೆದುಕೊಳ್ಳಿ. ಅಡ್ಡಲಾಗಿ ಏಳು ಮನೆ ಹಾಕಿ: ಎಡ ಕಾರ್ನರ್, ಎಡ ಇನ್, ಎಡ ಕವರ್, ಸೆಂಟರ್, ಬಲ ಕವರ್, ಬಲ ಇನ್, ಬಲ ಕಾರ್ನರ್. ಎರಡು ಕಾರ್ನರ್, ಎರಡು ಕವರ್ ರೈಡರ್‌ನನ್ನು ಹಿಡಿಯುವ ಡಿಫೆಂಡರ್‌ಗಳದ್ದು. ಎರಡು ಇನ್ ಮತ್ತು ಸೆಂಟರ್‌ನಲ್ಲಿ ರೈಡರ್‌ಗಳು ನಿಲ್ಲುತ್ತಾರೆ. ಅವರಲ್ಲಿ ಒಬ್ಬ ಆಲ್‌ರೌಂಡರ್ ಆಗಿರುವುದು ಸಾಮಾನ್ಯ. ಪ್ರತಿ ಮನೆಯಲ್ಲಿ ಎರಡು ಸಾಲು ಬಿಡಿ, ಮೇಲಿನದು ಮೊದಲ ಆಯ್ಕೆಗೆ, ಕೆಳಗಿನದು ಬದಲಿಗೆ. ಒಟ್ಟು 14 ಹೆಸರಾಯಿತು. ತಂಡದಲ್ಲಿ ಕನಿಷ್ಠ 18, ಗರಿಷ್ಠ 25 ಆಟಗಾರರು ಇರಬೇಕಾದ್ದರಿಂದ ಉಳಿದವರಿಗೆ ಹಾಳೆಯ ಕೆಳಗೆ ಜಾಗ ಸಾಕು.

ಎಡ ಬಲ ತಪ್ಪದಂತೆ ನೋಡಿಕೊಳ್ಳುವುದು ಬಹಳ ಮುಖ್ಯ. ಟಿವಿ ಕ್ಯಾಮೆರಾ ಪಕ್ಕದಿಂದ ತೋರಿಸುತ್ತದೆ, ವಿರಾಮದ ನಂತರ ತಂಡಗಳು ಅಂಗಳ ಬದಲಿಸುತ್ತವೆ, ಹಾಗಾಗಿ ಪರದೆಯ ಎಡವನ್ನು ನಂಬಬೇಡಿ. ಡಿಫೆಂಡರ್ ಮಧ್ಯಗೆರೆಯ ಕಡೆ ಮುಖ ಮಾಡಿ ನಿಂತಾಗ ಅವನ ಬಲಗೈ ಬದಿಯ ತುದಿಯೇ ಬಲ ಕಾರ್ನರ್. ತನ್ನ ಎಡಬದಿಯಿಂದ ಒಳನುಗ್ಗುವ ಎಡ ರೈಡರ್‌ಗೆ ಮೊದಲು ಎದುರಾಗುವವನು ಈ ಬಲ ಕಾರ್ನರ್. ಇದನ್ನು ತಿರುವುಮುರುವು ಬರೆದರೆ ಮುಂದಿನ ಲೆಕ್ಕವೆಲ್ಲ ಉಲ್ಟಾ ಆಗುತ್ತದೆ.

ಹಾಳೆ ತುಂಬಲು ಮುಗಿದ ಸೀಸನ್‌ನ ಕೊನೆಯ ಆರೇಳು ಪಂದ್ಯಗಳನ್ನು ನೋಡಿ. ಆರಂಭದ ಪಂದ್ಯಗಳಲ್ಲಿ ಕೋಚ್ ಇನ್ನೂ ಪ್ರಯೋಗ ಮಾಡುತ್ತಿರುತ್ತಾನೆ. ಕೊನೆಗೆ ಯಾರನ್ನು ಎಲ್ಲಿ ನಿಲ್ಲಿಸಿದ ಎನ್ನುವುದೇ ಅವನ ನಿಜವಾದ ನಂಬಿಕೆ.

ಅಂಕಪಟ್ಟಿ ಮುಚ್ಚಿಡುವ ಸಂಗತಿಗಳು

ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ರೈಡರ್‌ನನ್ನು ಹಿಡಿದದ್ದಕ್ಕೆ ಸಿಗುವ ಟ್ಯಾಕಲ್ ಅಂಕ ಒಬ್ಬನ ಹೆಸರಿಗೆ ಬೀಳುತ್ತದೆ. ಕಾರ್ನರ್ ಪಾದ ಹಿಡಿದ, ಕವರ್ ಓಡಿಬಂದು ಡ್ಯಾಶ್ ಕೊಟ್ಟು ಹೊರಗೆ ನೂಕಿದ ಎನ್ನಿ. ಅಂಕ ಹಿಡಿದವನ ಖಾತೆಗೆ. ಹೀಗಾಗಿ ಒಳ್ಳೆಯ ಕವರ್ ಆಟಗಾರ ಪಟ್ಟಿಯಲ್ಲಿ ಕೆಳಗೆ ಕಾಣುತ್ತಾನೆ. ಅವನನ್ನು ತಂಡ ಬಿಟ್ಟಾಗ ‘ಏನೂ ನಷ್ಟವಿಲ್ಲ’ ಅನಿಸುತ್ತದೆ, ಮುಂದಿನ ಸೀಸನ್‌ನಲ್ಲಿ ಅದೇ ಕಾರ್ನರ್‌ನ ಹಿಡಿತಗಳು ಬಿಚ್ಚಿಕೊಳ್ಳುತ್ತವೆ. ಪಂದ್ಯ ನೋಡುವಾಗ ಪ್ರತಿ ಹಿಡಿತಕ್ಕೂ ಎರಡು ಹೆಸರು ಬರೆಯಿರಿ: ಮೊದಲು ಹಿಡಿದವನು, ಬಂದು ಮುಗಿಸಿದವನು.

ಎರಡನೆಯದು ಸೂಪರ್ ಟ್ಯಾಕಲ್. ಅಂಗಳದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ರೈಡರ್‌ನನ್ನು ಹಿಡಿದರೆ 2 ಅಂಕ. ಸೂಪರ್ ಟ್ಯಾಕಲ್ ಹೆಚ್ಚು ಮಾಡಿದ ತಂಡದ ಡಿಫೆನ್ಸ್ ಗಟ್ಟಿ ಎಂದು ಹೇಳುವ ವಾಡಿಕೆ ಇದೆ. ಆದರೆ ಆ ತಂಡ ಮೂವರಿಗೆ ಇಳಿದದ್ದು ಅಷ್ಟು ಸಲ ಎಂಬುದನ್ನೂ ಅದೇ ಸಂಖ್ಯೆ ಹೇಳುತ್ತದೆ. ಏಳು, ಆರು ಜನ ಇದ್ದಾಗ ಆಗುವ ಹಿಡಿತಗಳನ್ನು ಬೇರೆ ಎಣಿಸಿದರೆ ನಿಜ ಹೊರಬೀಳುತ್ತದೆ.

ಕಳೆದುಕೊಂಡ ಅಂಕಗಳನ್ನೂ ಜಾಗದ ಪ್ರಕಾರ ಬರೆಯಬೇಕು. ಎದುರಾಳಿ ರೈಡರ್ ಮುಟ್ಟಿದ್ದು ಯಾರನ್ನು? ಆರು ಪಂದ್ಯಗಳಲ್ಲಿ ಬಲ ಕಾರ್ನರ್ ಮತ್ತು ಬಲ ಕವರ್ ಪದೇ ಪದೇ ಔಟ್ ಆಗಿ, ಎಡಬದಿ ಸುಮ್ಮನೆ ಉಳಿದಿದ್ದರೆ ಕೊರತೆ ಬಲಬದಿಯಲ್ಲಿದೆ. ಕಾರ್ನರ್ ಮುನ್ನುಗ್ಗಿ ತಪ್ಪಿದ್ದಕ್ಕೂ, ಕವರ್ ಸಹಾಯಕ್ಕೆ ಬರದೆ ಕಾರ್ನರ್ ಒಂಟಿಯಾಗಿ ಸಿಕ್ಕಿಬಿದ್ದದ್ದಕ್ಕೂ ಬೇರೆ ಗುರುತು ಹಾಕಿ. ಮೊದಲನೆಯದಕ್ಕೆ ಹೊಸ ಕಾರ್ನರ್ ಬೇಕು, ಎರಡನೆಯದಕ್ಕೆ ಹೊಸ ಕವರ್. ಜಾತ್ರೆಯ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಅಂಗಳದ ಪಕ್ಕ ಕೂತು ಆಟ ನೋಡಿದವರಿಗೆ ಈ ವ್ಯತ್ಯಾಸ ಕಣ್ಣಿಗೆ ಬೇಗ ಬೀಳುತ್ತದೆ.

ರೈಡರ್‌ಗಳಿಗೆ ಬಂದರೆ ಒಟ್ಟು ಅಂಕಕ್ಕಿಂತ ಮೂರು ಸಂಗತಿ ಮೇಲು. ಪ್ರತಿ ರೈಡಿಗೆ ಎಷ್ಟು ಅಂಕ; ಡೂ ಆರ್ ಡೈ ರೈಡಿನಲ್ಲಿ ಏನು ಮಾಡಿದ; ಮುಖ್ಯ ರೈಡರ್ ಔಟಾಗಿ ಬೆಂಚಿನಲ್ಲಿದ್ದಾಗ ಎದುರಾಳಿಯನ್ನು ಔಟ್ ಮಾಡಿ ಅವನನ್ನು ಒಳಗೆ ಕರೆತಂದವರು ಯಾರು. ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದು ಡೂ ಆರ್ ಡೈ, ಅಂಕ ತರದಿದ್ದರೆ ರೈಡರ್ ಔಟ್. ಬೋನಸ್ ಗೆರೆ ದಾಟಿ ಪಡೆಯುವ ಬೋನಸ್ ಅಂಕದಿಂದ ಔಟಾದವರು ಯಾರೂ ಮರಳಿ ಬರುವುದಿಲ್ಲ, ಅದೂ ಎದುರು ಆರು ಅಥವಾ ಹೆಚ್ಚು ಜನ ಇದ್ದಾಗ ಮಾತ್ರ ಸಿಗುತ್ತದೆ. ಹಾಗಾಗಿ ಬೋನಸ್ ಮೇಲೆ ಬದುಕುವ ರೈಡರ್‌ನನ್ನು ಎರಡನೇ ರೈಡರ್ ಎಂದು ಹಾಳೆಯಲ್ಲಿ ತುಂಬಿಸಿದರೆ ಆ ಮನೆ ಅರ್ಧ ಖಾಲಿಯೇ. ಮುಖ್ಯ ರೈಡರ್ ಪ್ರತಿ ಪಂದ್ಯದಲ್ಲಿ ಎಷ್ಟು ನಿಮಿಷ ಹೊರಗೆ ಕೂತ ಎಂದು ಗಡಿಯಾರ ನೋಡಿ ಬರೆಯಿರಿ. 40 ನಿಮಿಷದ ಆಟದಲ್ಲಿ ಆ ಸಮಯ ಹೆಚ್ಚಾದಷ್ಟೂ ತಂಡಕ್ಕೆ ಬೇಕಿರುವುದು ಮುಟ್ಟಿ ಅಂಕ ತರುವ ಎರಡನೇ ಮತ್ತು ಮೂರನೇ ರೈಡರ್.

2022ರಲ್ಲಿ ತಮಿಳ್ ತಲೈವಾಸ್ 2.265 ಕೋಟಿ ಕೊಟ್ಟು ರೈಡರ್ ಪವನ್ ಸೆಹ್ರಾವತ್‌ನನ್ನು ಕೊಂಡಿತು, ಮೊದಲ ಪಂದ್ಯದಲ್ಲೇ ಮೊಣಕಾಲು ಪೆಟ್ಟಾಗಿ ಆತ ಇಡೀ ಸೀಸನ್ ಆಡಲಿಲ್ಲ. ಆದರೂ ತಂಡ ಸೆಮಿಫೈನಲ್ ತಲುಪಿತು. ಮೊದಲ ಸೀಸನ್ ಆಡುತ್ತಿದ್ದ ನರೇಂದರ್ 243 ರೈಡ್ ಅಂಕ ತಂದ, ಅಜಿಂಕ್ಯ ಪವಾರ್ ಜೊತೆ ಕೊಟ್ಟ. ಸಾಗರ್ ಮತ್ತು ಸಾಹಿಲ್ ಗುಲಿಯಾ ಎಂಬ ಎರಡು ಕಾರ್ನರ್ ಮೊದಲೇ ನೆಲೆಯೂರಿದ್ದವು. ಕೆಳಗಿನ ಸಾಲು ತುಂಬಿದ್ದ ಹಾಳೆ ಅದು.

ಬಿಟ್ಟವರ ಪಟ್ಟಿ, ಉಳಿದ ದುಡ್ಡು

ರಿಟೇನ್ ಪಟ್ಟಿ ಹೊರಬಂದ ದಿನ ಹಾಳೆಯಲ್ಲಿ ಬಿಟ್ಟವರ ಹೆಸರು ಹೊಡೆದುಹಾಕಿ. ಉಳಿಸಿಕೊಂಡವರು ಎಲೀಟ್, ಯಂಗ್, ನ್ಯೂ ಯಂಗ್ ಎಂಬ ವರ್ಗಗಳಲ್ಲಿ ಬರುತ್ತಾರೆ. ಅವರ ಸಂಬಳ ತಂಡದ 5 ಕೋಟಿ ರೂಪಾಯಿ ಚೀಲದಿಂದಲೇ ಹೋಗುತ್ತದೆ. ಹರಾಜಿನ ಮೂಲಬೆಲೆ ಎ ವರ್ಗಕ್ಕೆ 30 ಲಕ್ಷ, ಬಿಗೆ 20, ಸಿಗೆ 13, ಡಿಗೆ 9 ಲಕ್ಷ.

ಉದಾಹರಣೆಗೆ, ಒಂದು ತಂಡ 10 ಜನರನ್ನು 1.90 ಕೋಟಿಗೆ ಉಳಿಸಿಕೊಂಡಿದೆ ಎಂದಿಟ್ಟುಕೊಳ್ಳಿ. ಕೈಯಲ್ಲಿ 3.10 ಕೋಟಿ. 18 ಮುಟ್ಟಲು ಇನ್ನೂ 8 ಜನ ಬೇಕು. ಅದರಲ್ಲಿ 5 ಜನ ಡಿ ವರ್ಗದಿಂದ ಮೂಲಬೆಲೆಗೇ ಬಂದರೆ 45 ಲಕ್ಷ. ಉಳಿದ 2.65 ಕೋಟಿ ಮೂರು ಜಾಗಕ್ಕೆ. ನಿಮ್ಮ ಹಾಳೆಯಲ್ಲಿ ಮೇಲಿನ ಸಾಲು ಖಾಲಿ ಇರುವ ಮನೆ ಮೂರೇ ಆಗಿದ್ದರೆ ಲೆಕ್ಕ ಕೂಡುತ್ತದೆ. ಐದು ಮನೆ ಖಾಲಿ ಇದ್ದರೆ ಆ ತಂಡ 2 ಕೋಟಿಯ ರೈಡರ್ ಹಿಂದೆ ಓಡಬಾರದು.

ಓಡಿದರೆ ಏನಾಗುತ್ತದೆ? 2023ರ ಹರಾಜಿನಲ್ಲಿ ತೆಲುಗು ಟೈಟನ್ಸ್ ಪವನ್‌ಗೆ 2.605 ಕೋಟಿ ಕೊಟ್ಟಿತು, ಅಂದರೆ ಅರ್ಧ ಚೀಲಕ್ಕಿಂತ ಹೆಚ್ಚು. ಆ ಸೀಸನ್‌ನ 22 ಪಂದ್ಯಗಳಲ್ಲಿ ಎರಡೇ ಗೆಲುವು, ಕೊನೆಯ ಸ್ಥಾನ. ಪವನ್ ಆಟದಲ್ಲಿ ಕೊರತೆ ಇರಲಿಲ್ಲ. ಸುತ್ತಲಿನ ಆರು ಜಾಗಕ್ಕೆ ದುಡ್ಡು ಉಳಿದಿರಲಿಲ್ಲ. ಮರುವರ್ಷ ಟೈಟನ್ಸ್ ಆತನನ್ನು ಬಿಟ್ಟಿತು, ಹರಾಜಿನಲ್ಲಿ ಬೆಲೆ 1.725 ಕೋಟಿಗೆ ನಿಂತಾಗ ಎಫ್‌ಬಿಎಂ ಕಾರ್ಡ್ ಎತ್ತಿ ಮರಳಿ ಪಡೆಯಿತು. ಅದೇ ಆಟಗಾರ, 88 ಲಕ್ಷ ಉಳಿತಾಯ.

ಎಫ್‌ಬಿಎಂ ಅಂದರೆ ಕೊನೆಯ ಬಿಡ್‌ನಷ್ಟೇ ಕೊಟ್ಟು ಹಳೆಯ ತಂಡ ತನ್ನ ಆಟಗಾರನನ್ನು ಉಳಿಸಿಕೊಳ್ಳುವ ಹಕ್ಕು. ಆದ್ದರಿಂದ ದುಬಾರಿ ಆಟಗಾರನನ್ನು ಬಿಟ್ಟ ಕೂಡಲೇ ‘ಆ ಜಾಗ ಖಾಲಿ’ ಎಂದು ಖಚಿತವಾಗಿ ಬರೆಯಬೇಡಿ. ಪೆನ್ಸಿಲ್‌ನಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಆ ಜಾಗಕ್ಕೆ ಬದಲಿಯನ್ನು ಉಳಿಸಿಕೊಂಡಿಲ್ಲವಾದರೆ, ಮರಳಿ ಕೊಳ್ಳುವ ಯೋಚನೆ ಇದೆ ಎಂದೇ ತಿಳಿಯುವುದು ಒಳ್ಳೆಯದು.

ಪೇಟೆಗೆ ಬಂದ ಮಾಲು

ಕೊರತೆ ಎಷ್ಟೇ ಸ್ಪಷ್ಟವಿದ್ದರೂ ಹರಾಜಿನಲ್ಲಿ ಆ ಜಾಗದವರು ಇರಬೇಕಲ್ಲ. ಬ್ಯಾಡಗಿ ಪೇಟೆಗೆ ಡಬ್ಬಿ ಮೆಣಸಿನಕಾಯಿ ಆವಕ ಕಡಿಮೆಯಾದ ದಿನ ದರ ಏರುವಂತೆ, ನಂಬಿಕಸ್ಥ ಎಡ ಕಾರ್ನರ್‌ಗಳು ಇಬ್ಬರೇ ಇದ್ದು ಬೇಕಾದ ತಂಡಗಳು ನಾಲ್ಕಿದ್ದರೆ ಬೆಲೆ ಅಂದಾಜು ಮೀರುತ್ತದೆ. ಎಲ್ಲ ತಂಡಗಳ ಹಾಳೆ ಪಕ್ಕಪಕ್ಕ ಇಟ್ಟು, ಪ್ರತಿ ಜಾಗಕ್ಕೆ ಬೇಕಾದವರೆಷ್ಟು, ಸಿಗುವವರೆಷ್ಟು ಎಂದು ಎಣಿಸಿ. ಸಿಗದೆ ಉಳಿಯುವ ತಂಡ ಯಾವುದು ಎನ್ನುವುದನ್ನು ಚೀಲದ ಗಾತ್ರ ಹೇಳುತ್ತದೆ.

ಎಣಿಸುವಾಗ ವರ್ಗದ ಹೆಸರು ನಂಬಬೇಡಿ. ಹರಾಜಿನಲ್ಲಿ ಆಟಗಾರರನ್ನು ರೈಡರ್, ಡಿಫೆಂಡರ್, ಆಲ್‌ರೌಂಡರ್ ಎಂದಷ್ಟೇ ವಿಂಗಡಿಸುತ್ತಾರೆ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಆಲ್‌ರೌಂಡರ್ ಪಟ್ಟಿಯಲ್ಲಿರುತ್ತಾನೆ, ತುಂಬುವುದು ಎಡ ಕಾರ್ನರ್. 2023ರಲ್ಲಿ ಪುಣೆ 2.35 ಕೋಟಿ, 2024ರಲ್ಲಿ ಹರಿಯಾಣ 2.07 ಕೋಟಿ ಕೊಟ್ಟವು, ಎರಡೂ ತಂಡ ಆಯಾ ಸೀಸನ್‌ನ ಚಾಂಪಿಯನ್ ಆದವು. ತಂಡಕ್ಕೆ ಬೇಕಾದ ಎಡ ಕಾರ್ನರ್‌ನನ್ನು ಡಿಫೆಂಡರ್ ಪಟ್ಟಿಯಲ್ಲಷ್ಟೇ ಹುಡುಕಿದವರಿಗೆ ಈ ಖರೀದಿಗಳು ಆಶ್ಚರ್ಯ ತಂದಿರುತ್ತವೆ. ತಂಡಕ್ಕೆ ವಿದೇಶಿ ಆಟಗಾರರೂ ಬೇಕೇಬೇಕು. ಆ ಜಾಗವನ್ನು ಇರಾನಿನ ಡಿಫೆಂಡರ್‌ನಿಂದ ತುಂಬಿದರೆ ಒಂದೇ ಖರೀದಿಯಲ್ಲಿ ಎರಡು ಕೆಲಸ ಆಗುತ್ತದೆ.

ಬೆಂಗಳೂರು ಬುಲ್ಸ್‌ನ ಉದಾಹರಣೆಯನ್ನು ಹೀಗೆ ಓದಬಹುದು. 2024ರ ಹರಾಜಿನಲ್ಲಿ ತಂಡ ಅಜಿಂಕ್ಯ ಪವಾರ್‌ಗೆ 1.107 ಕೋಟಿ, ಪರ್ದೀಪ್ ನರ್ವಾಲ್‌ಗೆ 70 ಲಕ್ಷ ಸುರಿಯಿತು. ದೊಡ್ಡ ಮೊತ್ತ ರೈಡಿಂಗ್‌ಗೆ ಹೋಯಿತು. ಸೀಸನ್ ಮುಗಿದಾಗ 12ನೇ ಸ್ಥಾನ. ಮುಂದೆ ಬಲ ಕಾರ್ನರ್ ಸೌರಭ್ ನಂದಲ್‌ನನ್ನು ಬಿಟ್ಟರು. ಆಗಲೇ ಹಾಳೆಯಲ್ಲಿ ಮೊದಲ ಕೊರತೆ ಕಾರ್ನರ್ ಎಂದು ಬರೆಯಬೇಕಿತ್ತು. 2025ರ ಹರಾಜಿನಲ್ಲಿ ನಡೆದದ್ದೂ ಅದೇ: ಡೆಲ್ಲಿಯ ಬಲ ಕಾರ್ನರ್ ಯೋಗೇಶ್‌ಗೆ 1.125 ಕೋಟಿ, ಜೈಪುರದ ಎಡ ಕಾರ್ನರ್ ಅಂಕುಶ್ ರಾಠಿಗೆ 90 ಲಕ್ಷ. ಎರಡು ಕಾರ್ನರ್‌ಗೇ 2 ಕೋಟಿ ದಾಟಿತು. ಯೋಗೇಶ್‌ನನ್ನು ಕಳೆದುಕೊಂಡ ಡೆಲ್ಲಿಗೆ ಬಲ ಕಾರ್ನರ್ ಬೇಕಾಯಿತು, ಅವರು ಸೌರಭ್‌ನನ್ನು ತೆಗೆದುಕೊಂಡು ಆ ಸೀಸನ್ ಕಪ್ ಗೆದ್ದರು. ಒಂದು ತಂಡ ತುಂಬಿಕೊಂಡ ಜಾಗ ಇನ್ನೊಂದು ತಂಡದಲ್ಲಿ ಖಾಲಿಯಾಗುತ್ತದೆ; ಸರಪಳಿ ಹಿಡಿದು ಹೋದರೆ ಮುಂದಿನ ಬಿಡ್ ಯಾರದ್ದೆಂದು ಕಾಣುತ್ತದೆ.

ಕೋಚ್ ಬದಲಾದರೆ ಹಾಳೆಯನ್ನು ಮತ್ತೊಮ್ಮೆ ನೋಡಿ. ಮೊದಲ ಸೀಸನ್‌ನಿಂದ ಬುಲ್ಸ್ ಜೊತೆಗಿದ್ದ ರಣಧೀರ್ ಸಿಂಗ್ ಜಾಗಕ್ಕೆ 2025ರಲ್ಲಿ ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಬಂದರು. ಪುಣೆಯಲ್ಲಿ ಅವರ ಕೈಕೆಳಗೆ ಆಡಿದ್ದ ರೈಡರ್ ಆಕಾಶ್ ಶಿಂಧೆಯನ್ನು ಬುಲ್ಸ್ 53.1 ಲಕ್ಷಕ್ಕೆ ಕೊಂಡಿತು. ಹೊಸ ಕೋಚ್‌ನ ಹಳೆಯ ತಂಡ ಯಾರನ್ನು ಬಿಟ್ಟಿದೆ ಎಂದು ನೋಡುವುದು ಐದು ನಿಮಿಷದ ಕೆಲಸ, ಬಿಡಬೇಡಿ.

ಊಹೆ ಬರೆಯುವ ರೀತಿ

ಪ್ರತಿ ತಂಡಕ್ಕೆ ಮೂರೇ ಕೊರತೆ ಬರೆಯಿರಿ, ಆದ್ಯತೆಯ ಕ್ರಮದಲ್ಲಿ. ‘ಡಿಫೆಂಡರ್ ಬೇಕು’ ಎಂದರೆ ಊಹೆಯಲ್ಲ. ‘ಎಡ ಕವರ್, ಮೊದಲ ಆಯ್ಕೆ, ಬಿ ವರ್ಗ, 40 ಲಕ್ಷದವರೆಗೆ’ ಎಂದಿದ್ದರೆ ಮಾತ್ರ ನಂತರ ಸರಿ ತಪ್ಪು ನೋಡಬಹುದು. ಗೆಳೆಯರ ಜೊತೆ ಪಂಥ ಕಟ್ಟುವುದಾದರೆ ಜಾಗ ಹೊಂದಿದರೆ 2 ಅಂಕ, ಬದಿಯೂ ಹೊಂದಿದರೆ ಇನ್ನೊಂದು, ಆಟಗಾರನ ಹೆಸರೇ ಸಿಕ್ಕರೆ ಮತ್ತೊಂದು ಎಂದಿಟ್ಟುಕೊಳ್ಳಿ. ಹೆಸರಿಗೆ ಹೆಚ್ಚು ಅಂಕ ಇಟ್ಟರೆ ಎಲ್ಲರೂ ಸ್ಟಾರ್ ರೈಡರ್‌ಗಳನ್ನೇ ಬರೆಯುತ್ತಾರೆ.

ಹರಾಜಿನ ದಿನ ಎ ವರ್ಗ ಮುಗಿದ ಕೂಡಲೇ ಟಿವಿ ಬಂದ್ ಮಾಡಬೇಡಿ. ಪ್ರತಿ ಖರೀದಿಯಾದಂತೆ ಚೀಲದಿಂದ ದುಡ್ಡು ಕಳೆಯುತ್ತ, ಮನೆ ತುಂಬುತ್ತ ಹೋಗಿ. ಕೆಳಗಿನ ಸಾಲಿನ ಬದಲಿ ಕಾರ್ನರ್‌ಗಳು, ಮೂರನೇ ರೈಡರ್‌ಗಳು ಸಿ ಮತ್ತು ಡಿ ವರ್ಗದಲ್ಲಿ ಮಾರಾಟವಾಗುತ್ತಾರೆ. ಮೊದಲ ಸುತ್ತಿನಲ್ಲಿ ಯಾರೂ ಕೊಳ್ಳದವರ ಹೆಸರು ಬದಿಯಲ್ಲಿ ಬರೆದಿಡಿ. ಅವರು ಮತ್ತೆ ಹರಾಜಿಗೆ ಬಂದಾಗ ಯಾವ ತಂಡದ ಚೀಲದಲ್ಲಿ ಇನ್ನೂ 9 ಲಕ್ಷ ಇದೆ, ಯಾವ ಹಾಳೆಯಲ್ಲಿ ಇನ್ನೂ ಮನೆ ಖಾಲಿ ಇದೆ ಎಂಬ ಎರಡೇ ಸಂಗತಿ ನೋಡಿದರೆ ಸಾಕು.