ಸಿಡಿ38, ಸಿಡಿ49ಡಿ: ಎಣಿಕೆ ಎಲ್ಲಿ ತಪ್ಪುತ್ತದೆ

ಸಿಎಲ್‌ಎಲ್ (ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಎಂದು ಗೊತ್ತಾದ ಕೂಡಲೇ ರೋಗಿಯ ಮನೆಯವರು ಕೇಳುವುದು, ‘ಇದು ಜೋರಾಗಿ ಬೆಳೆಯುವಂಥದ್ದಾ?’ ಎಂದು. ಉತ್ತರದ ಒಂದು ಪಾಲು ಕ್ಯಾನ್ಸರ್ ಕೋಶದ ಮೈಮೇಲೇ ಇರುತ್ತದೆ. ಅಲ್ಲಿರುವ ಸಿಡಿ38 ಅಥವಾ ಸಿಡಿ49ಡಿ ಎಂಬ ಪ್ರೊಟೀನು ಶೇ 30 ದಾಟಿ ಕ್ಯಾನ್ಸರ್ ಕೋಶಗಳಲ್ಲಿ ಕಂಡರೆ ಬೇಗ ಚಿಕಿತ್ಸೆ ಬೇಕಾಗುವ ಸಂಭವ ಹೆಚ್ಚು. ಈ ಪ್ರೊಟೀನುಗಳಿಗೆ ಅಂಟುವ, ಬಣ್ಣ ಹಚ್ಚಿದ ಆ್ಯಂಟಿಬಾಡಿ ಹಾಕಿ, ಫ್ಲೋ ಸೈಟೋಮೀಟರ್ ಎಂಬ ಯಂತ್ರದಲ್ಲಿ ಕೋಶಗಳನ್ನು ಒಂದೊಂದಾಗಿ ಎಣಿಸುತ್ತೇನೆ. ಸಿಡಿ38 ಕಾಲಕ್ರಮದಲ್ಲಿ ಏರಿಳಿಯಬಹುದು, ಸಿಡಿ49ಡಿ ಬಹುಮಟ್ಟಿಗೆ ಸ್ಥಿರ. ಹಾಗಾಗಿ ನಾನು ಹೆಚ್ಚು ನೆಚ್ಚುವುದು ಎರಡನೆಯದನ್ನೇ. ಟಿಪಿ53, ಐಜಿಎಚ್‌ವಿ ಎಂಬ ಜೀನ್ ಪರೀಕ್ಷೆಗಳ ಜಾಗವನ್ನು ಮಾತ್ರ ಇವು ತುಂಬಲಾರವು.

ಬಳ್ಳಾರಿಯ ಏಪ್ರಿಲ್-ಮೇ ಬಿಸಿಲಲ್ಲಿ ರಾಯಚೂರು, ಕೊಪ್ಪಳದಿಂದ ಬರುವ ರಕ್ತವನ್ನು ಥರ್ಮೋಕೋಲ್ ಡಬ್ಬಿಯಲ್ಲೇ ತರಿಸಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ಐಸ್ ಪ್ಯಾಕ್ ತಾಗಬಾರದು. 18ರಿಂದ 25 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷಿಸುತ್ತೇನೆ. ಸತ್ತ ಕೋಶಗಳು ಆ್ಯಂಟಿಬಾಡಿಯನ್ನು ಸುಮ್ಮನೆ ಅಂಟಿಸಿಕೊಳ್ಳುತ್ತವೆ, ಸಂಖ್ಯೆ ಸುಳ್ಳಾಗಿ ಏರುತ್ತದೆ. ತಡವಾಗಿ ಬಂದ ಸ್ಯಾಂಪಲ್‌ಗೆ ಸತ್ತ ಕೋಶಕ್ಕಷ್ಟೇ ಹಿಡಿಯುವ 7-ಎಎಡಿ ಬಣ್ಣ ಸೇರಿಸಿ ಅವನ್ನು ಹೊರಗಿಡುತ್ತೇನೆ.

100 ಮೈಕ್ರೋಲೀಟರ್ ರಕ್ತಕ್ಕೆ ಸಿಡಿ19 (ಬಿ ಕೋಶದ ಗುರುತು), ಸಿಡಿ5 (ಟಿ ಕೋಶದಲ್ಲೂ ಸಿಎಲ್‌ಎಲ್ ಕೋಶದಲ್ಲೂ ಇರುವ ಗುರುತು), ಸಿಡಿ38, ಸಿಡಿ49ಡಿ ಆ್ಯಂಟಿಬಾಡಿಗಳನ್ನು ಹಾಕಿ ಕತ್ತಲಲ್ಲಿ 15 ನಿಮಿಷ. ಬಳಿಕ ಕೆಂಪು ರಕ್ತಕಣ ಒಡೆಯುವ ಲೈಸಿಂಗ್ ದ್ರಾವಣ 2 ಮಿಲೀ, 10 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಸಿಎಲ್‌ಎಲ್ ಕೋಶಗಳು ಬಹಳ ನಾಜೂಕು, ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕಲಕಿದರೆ ಒಡೆಯುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ 300 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ, ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆದು ಯಂತ್ರಕ್ಕೆ ಕೊಡುತ್ತೇನೆ. ಸಿಡಿ38 ಮಂದವಾಗಿ ಕಾಣುವುದರಿಂದ ಅದಕ್ಕೆ ಪಿಇಯಂಥ ಪ್ರಖರ ಬಣ್ಣವೇ ಬೇಕು. ಅದಕ್ಕಿಂತ ಮಂದವಾದ ಎಫ್‌ಐಟಿಸಿ ಬಣ್ಣ ಹಾಕಿದರೆ ಶೇಕಡಾವಾರು ಕಡಿಮೆ ಬರುತ್ತದೆ.

ನಿಜವಾದ ಎಡವಟ್ಟು ಆಗುವುದು ಗೇಟಿಂಗ್‌ನಲ್ಲಿ, ಅಂದರೆ ಯಾವ ಕೋಶಗಳನ್ನು ಎಣಿಸಬೇಕೆಂದು ಆರಿಸುವಲ್ಲಿ. ಟಿ ಮತ್ತು ಎನ್‌ಕೆ ಎಂಬ ಬೇರೆ ಬಗೆಯ ಲಿಂಫೋಸೈಟ್‌ಗಳ ಮೇಲೂ ಸಿಡಿ38 ಇದೆ. 100 ಲಿಂಫೋಸೈಟ್‌ಗಳಲ್ಲಿ 60 ಸಿಎಲ್‌ಎಲ್, 40 ಟಿ ಮತ್ತು ಎನ್‌ಕೆ ಎಂದಿಟ್ಟುಕೊಳ್ಳಿ. ಆ 60ರಲ್ಲಿ 9, ಈ 40ರಲ್ಲಿ 28 ಪಾಸಿಟಿವ್. ಒಟ್ಟಾಗಿ ಎಣಿಸಿದರೆ ಶೇ 37, ಸಿಎಲ್‌ಎಲ್ ಕೋಶಗಳನ್ನಷ್ಟೇ ಎಣಿಸಿದರೆ ಶೇ 15. ಒಬ್ಬನೇ ರೋಗಿ, ಒಂದೇ ಟ್ಯೂಬು, ಫಲಿತಾಂಶ ಮಾತ್ರ ತಿರುವುಮುರುವು! ಅದಕ್ಕೇ ಮೊದಲು ಒಂದಕ್ಕೊಂದು ಅಂಟಿಕೊಂಡ ಜೋಡಿ ಕೋಶಗಳನ್ನು ತೆಗೆದುಹಾಕುತ್ತೇನೆ. ಒಂದು ಟಿ, ಒಂದು ಬಿ ಅಂಟಿಕೊಂಡರೆ ಸಿಡಿ5-ಸಿಡಿ19 ಎರಡೂ ಇರುವ ಕೋಶದಂತೆಯೇ ಕಾಣುತ್ತದೆ. ಆಮೇಲೆ ಸಿಡಿ19-ಸಿಡಿ5 ಗೇಟಿನೊಳಗಷ್ಟೇ ಎಣಿಕೆ. ಪಾಸಿಟಿವ್-ನೆಗೆಟಿವ್ ಗೆರೆ ಎಳೆಯುವುದು ಎಫ್‌ಎಂಒ ಟ್ಯೂಬ್ (ಆ ಒಂದು ಆ್ಯಂಟಿಬಾಡಿ ಬಿಟ್ಟು ಉಳಿದೆಲ್ಲ ಹಾಕಿದ್ದು) ನೋಡಿ, ಕಣ್ಣಂದಾಜಿನಲ್ಲಲ್ಲ. ಟಿ ಕೋಶಗಳನ್ನು ಬಿಸಾಡುವುದಿಲ್ಲ: ಅವುಗಳಲ್ಲೂ ಸಿಡಿ49ಡಿ ಕಾಣದಿದ್ದರೆ ಆ್ಯಂಟಿಬಾಡಿಯೇ ಕೆಲಸ ಮಾಡಿಲ್ಲ.

ಕೆಲವರಲ್ಲಿ ಸಿಡಿ49ಡಿ ಚಿತ್ರದಲ್ಲಿ ಎರಡು ಗುಡ್ಡೆಯಾಗಿ ನಿಲ್ಲುತ್ತದೆ: ಇರುವ ಕೋಶಗಳು ಒಂದೆಡೆ, ಇಲ್ಲದವು ಇನ್ನೊಂದೆಡೆ. ಅಂಥಲ್ಲಿ ಬರೀ ‘ನೆಗೆಟಿವ್’ ಎಂದು ಬರೆದರೆ ವೈದ್ಯರಿಗೆ ಅನ್ಯಾಯ. ‘ಸಿಎಲ್‌ಎಲ್ ಕೋಶಗಳಲ್ಲಿ ಶೇ 22, ಎರಡು ಗುಂಪು’ ಎಂದು ಬರೆದು ಚಿತ್ರವನ್ನೂ ಲಗತ್ತಿಸುತ್ತೇನೆ.