ಕಿಟಕಿಗೆ ಬೆನ್ನು ಮಾಡಿ ಪಾಠ ಮಾಡುತ್ತಿದ್ದ ದಿನಗಳು

ನಾನು ಹುಟ್ಟಿ ಬೆಳೆದದ್ದು ಹಿರಿಯೂರಿನ ಕಡೆ. ಜಾಲಿ, ಹುಣಸೆ, ಬೇವು, ಹೊಂಗೆ ಇಷ್ಟು ಗೊತ್ತಿದ್ದರೆ ನಮ್ಮೂರಿನ ಮರಗಳ ಪರಿಚಯ ಬಹುಪಾಲು ಆದಂತೆಯೇ. 1992ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ಬಂದೆ. ಶಾಲೆಯ ಹಿಂಬದಿಯಲ್ಲೇ ಕಾಡು. ಅಲ್ಲಿದ್ದ ಒಂದು ಮರದ ಹೆಸರೂ ನನಗೆ ಬರುತ್ತಿರಲಿಲ್ಲ. ಹೂವಿನ ಭಾಗಗಳನ್ನು ಕಲಿಸಲು ದಾಸವಾಳವನ್ನು ಸೀಳಿ ತೋರಿಸುತ್ತಿದ್ದೆ, ಎಲೆಯ ನರಗಳಿಗೆ ಮಾವಿನೆಲೆ ತರಿಸುತ್ತಿದ್ದೆ. ಹೊರಗಿನದನ್ನು ತೋರಿಸಿ ಮಕ್ಕಳು ಏನಾದರೂ ಕೇಳಿಬಿಟ್ಟರೆ ಎಂಬ ಅಂಜಿಕೆಗೆ ಕಿಟಕಿಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಮೂರು ದಿನ ಕರೆಂಟಿರಲಿಲ್ಲ. ಗ್ರಂಥಾಲಯದಿಂದ ತಂದಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯನ್ನು ಸೀಮೆಎಣ್ಣೆ ದೀಪದಲ್ಲಿ ಓದಿದೆ. ಹಾರುವ ಓತಿಯನ್ನು ಹುಡುಕಿ ಹೊರಡುವವರ ಕತೆ ಅದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಓತಿಯಲ್ಲ, ಮಂದಣ್ಣ. ಊರಿನವರ ಕಣ್ಣಿಗೆ ಅವನು ಯಾವ ಕೆಲಸಕ್ಕೂ ಬಾರದವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ವಿಜ್ಞಾನಿಯೊಬ್ಬನನ್ನು ಕಾಣುತ್ತಾರೆ, ಅವನು ನೋಡಿದ್ದನ್ನು ನಂಬುತ್ತಾರೆ. ದೀಪ ಆರಿಸಿ ಮಲಗಿದ ಮೇಲೆ ನನ್ನ ತರಗತಿಯ ಕೊನೆಯ ಬೆಂಚು ನೆನಪಾಯಿತು. ಅಲ್ಲಿ ಕೂರುವವರು ಏನೇನು ನೋಡಿದ್ದಾರೆ ಎಂದು ನಾನು ಒಮ್ಮೆಯಾದರೂ ಕೇಳಿರಲಿಲ್ಲ.

ಆ ಬೆಂಚಿನಲ್ಲಿ ಬೆಳಿಗ್ಗೆ ದನ ಹೊಡೆದು ಬಂದು ದಿನವೂ ತಡವಾಗುತ್ತಿದ್ದ ಹುಡುಗನೊಬ್ಬನಿದ್ದ. ಒಂದು ಶನಿವಾರ ಅವನನ್ನು ಕರೆದು, "ಶಾಲೆಯ ಹಿಂದಿರುವ ಮರಗಳ ಹೆಸರು ನನಗೆ ಗೊತ್ತಿಲ್ಲ, ಹೇಳಿಕೊಡುತ್ತೀಯಾ?" ಎಂದೆ. ತಮಾಷೆಯೋ ಶಿಕ್ಷೆಯೋ ತಿಳಿಯದೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಡೆದ. ಅವನು ತಲೆಯೆತ್ತಿ ಎಲೆ ನೋಡಲೇ ಇಲ್ಲ. ತೊಗಟೆಯನ್ನು ಮುಟ್ಟಿ ಹೆಸರು ಹೇಳುತ್ತಿದ್ದ. ಮೊಸಳೆಯ ಮೈಯಂತೆ ಚೌಕಚೌಕವಾಗಿ ಸೀಳಿದ್ದರೆ ಮತ್ತಿ. ನುಣ್ಣಗೆ ಬಿಳಿಚಿಕೊಂಡು ಹಾಳೆಹಾಳೆಯಾಗಿ ಸುಲಿಯುತ್ತಿದ್ದರೆ ನಂದಿ. ಕತ್ತಿ ತಾಗಿದಲ್ಲಿ ರಕ್ತದಂಥ ಕೆಂಪು ರಸ ಒಸರಿದರೆ ಹೊನ್ನೆ. ಹೂವನ್ನು ನೋಡಿ ಗಿಡವನ್ನು ಗುರುತಿಸಬೇಕೆಂದು ನಾನು ಓದಿದ್ದೆ. ಆಕಾಶಕ್ಕೆ ಮುಟ್ಟಿದಂತಿರುವ ಮರದ ಹೂವನ್ನು ನೆಲದಲ್ಲಿ ನಿಂತವರು ನೋಡುವುದು ಹೇಗೆ? ಕಾಡಿನಲ್ಲಿ ನಡೆಯುವವರಿಗೆ ಕೈಗೆಟುಕುವುದು ತೊಗಟೆಯೇ.

ಹೆಸರು ಗೊತ್ತಾದರೂ ಅದನ್ನು ಪಾಠವಾಗಿಸುವ ದಾರಿ ನನಗೆ ಹೊಳೆಯಲಿಲ್ಲ. ಆ ದಾರಿ ತೋರಿಸಿದ್ದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥನ ಅದು. ಚಿತ್ರಗಳೂ ಅವರದೇ. ಅದರಲ್ಲಿ ಗಿಡಕ್ಕೆ ಲ್ಯಾಟಿನ್ ಹೆಸರಿನ ಜೊತೆಗೆ ಊರಿನವರು ಕರೆಯುವ ಹೆಸರಿದೆ, ಅದನ್ನು ತಿನ್ನುವವರಿದ್ದಾರೆ, ಹುಡುಗರ ತರಲೆಯಿದೆ, ಹಳೆಯ ಕಾವ್ಯದ ಸಾಲಿದೆ. ವಿಜ್ಞಾನವನ್ನು ಕನ್ನಡದಲ್ಲಿ ಇಷ್ಟು ನಗುತ್ತಾ ಹೇಳಬಹುದು ಎಂಬುದನ್ನು ಬಿ.ಎಸ್ಸಿ., ಬಿ.ಎಡ್. ಎರಡೂ ನನಗೆ ಕಲಿಸಿರಲಿಲ್ಲ. ಈ ಪುಸ್ತಕವನ್ನು ಓದದೆ ಸಸ್ಯಶಾಸ್ತ್ರ ಕಲಿಸುವವರನ್ನು ಕಂಡರೆ ನನಗೆ ಇಂದಿಗೂ ಸಂಕಟವಾಗುತ್ತದೆ.

1994ರ ಜೂನ್‌ನಲ್ಲಿ ಕೆಲಸ ಶುರು ಮಾಡಿದೆ. ಒಬ್ಬರಿಗೆ ಒಂದು ಮರ, ಒಂದು ವರ್ಷ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಬರೆಯಬೇಕು: ಎಲೆ ಉದುರಿತೇ, ಚಿಗುರಿತೇ, ಹೂವೇ, ಕಾಯಿಯೇ, ಮರಕ್ಕೆ ಯಾರು ಬಂದರು. ಮೊದಲ ವರ್ಷ ನನ್ನ ತಪ್ಪಿನಿಂದಲೇ ಇದು ಕೆಟ್ಟಿತು. ಲ್ಯಾಟಿನ್ ಹೆಸರನ್ನು ಬಾಯಿಪಾಠ ಮಾಡಿಸಿದೆ, ಅಂಕ ಕೊಟ್ಟೆ. ದೀಪಾವಳಿಯ ಹೊತ್ತಿಗೆ ಮಕ್ಕಳು ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯತೊಡಗಿದ್ದರು, ಮತ್ತಿಯೂ ನಂದಿಯೂ ಒಂದೇ ದಿನ ಚಿಗುರಿದ್ದವು. ಮರುವರ್ಷ ಅಂಕ ತೆಗೆದೆ, ಲ್ಯಾಟಿನ್ ಬಿಟ್ಟೆ. ಬದಲಿಗೆ, ಮರದ ಬಗ್ಗೆ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ ಬನ್ನಿ ಎಂದೆ. ಆಗ ನೋಟ್‌ಬುಕ್ಕುಗಳು ತುಂಬತೊಡಗಿದವು. ಉಪ್ಪಾಗೆಯ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸುವ ಬಗೆ, ಮುರುಗಲು ಬೀಜದಿಂದ ತುಪ್ಪ ತೆಗೆಯುವ ಬಗೆ ಅಜ್ಜಿಯರಿಂದ ಬಂದವು. ನಂದಿ ಹೂಬಿಡುವುದು ಬೇಸಿಗೆ ರಜೆಯಲ್ಲಿ. ರಜೆಯಲ್ಲೂ ಹೋಗಿ ನೋಡಿ ಬಂದು ಬರೆದ ಹುಡುಗಿಯೊಬ್ಬಳ ಪುಟವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಸಿಲಬಸ್ ಮುಗಿದಿಲ್ಲವೆಂದು ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಗದರಿದ್ದೂ ಉಂಟು. ಪೂರ್ತಿ ಮುಗಿದಿರಲಿಲ್ಲ, ನಿಜ. ಸಂಜೆ ಒಂದು ಗಂಟೆ ಹೆಚ್ಚು ಕೂತು ಮುಗಿಸಿದೆ.

ಸ್ವಾಮಿಯವರದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ' ಇನ್ನೊಂದು ಪಾಠ ಕೊಟ್ಟಿತು. ನೆನ್ನೆ ಮನೆಯಲ್ಲಿ ತಿಂದದ್ದನ್ನೆಲ್ಲ ಬರೆಯಿರಿ ಎನ್ನುತ್ತಿದ್ದೆ. ಕಡಲಾಚೆಯಿಂದ ಬಂದದ್ದಕ್ಕೆ ಗೆರೆ ಎಳೆಯುತ್ತಾ ಹೋದರೆ ಆಲೂಗೆಡ್ಡೆ, ಟೊಮೆಟೊ, ನೆಲಗಡಲೆ, ಗೋಡಂಬಿ, ಪರಂಗಿ, ಅನಾನಸು ಎಲ್ಲವೂ ಅಮೆರಿಕ ಖಂಡಗಳ ಪಾಲಾಗುತ್ತಿದ್ದವು. ಕಡೆಗೆ ಹಸಿಮೆಣಸಿನಕಾಯಿಯೂ ಹೋದಾಗ ಇಡೀ ತರಗತಿ ಒಪ್ಪದೆ ಗಲಾಟೆ ಮಾಡುತ್ತಿತ್ತು. ಹಾಗಾದರೆ ಅದಕ್ಕೆ ಮೊದಲು ಖಾರಕ್ಕೆ ಏನಿತ್ತು ಎಂದು ಕೇಳುತ್ತಿದ್ದೆ. ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಕಾಳುಮೆಣಸು ಎಂಬ ಉತ್ತರ ಯಾವುದಾದರೂ ಮೂಲೆಯಿಂದ ಬಂದೇ ಬರುತ್ತಿತ್ತು. ಮೆಣಸೆಂಬ ಹೆಸರು ಅದರದೇ, ಹೊರಗಿನಿಂದ ಬಂದ ಕಾಯಿ ಆ ಹೆಸರಿಗೆ ಜೋತುಬಿದ್ದದ್ದು ಎಂದು ಹೇಳಿದಾಗ ಅವರ ಕಣ್ಣುಗಳನ್ನು ನೋಡಬೇಕಿತ್ತು.

ದನ ಕಾಯುತ್ತಿದ್ದ ಹುಡುಗನ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಅವನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಎರಡು ಸಲ ಫೇಲಾದ. ಮೂರನೆಯ ಸಲ ಕಟ್ಟಲಿಲ್ಲ. ಅವನ ಕಣ್ಣಿಗೆ, ಅವನ ನೆನಪಿನ ಶಕ್ತಿಗೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕವೂ ಇರಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ಈಗ ಅವನು ಅಡಿಕೆ ಮರ ಹತ್ತುತ್ತಾನೆ, ಕೊನೆ ಕೊಯ್ಯುತ್ತಾನೆ, ಕೊಳೆರೋಗಕ್ಕೆ ಮದ್ದು ಹೊಡೆಯುತ್ತಾನೆ. ನಾನು ನಿವೃತ್ತಳಾಗುವವರೆಗೆ ಪ್ರತಿ ಜೂನ್‌ನಲ್ಲೂ ಅವನನ್ನು ಶಾಲೆಗೆ ಕರೆಸಿ, ಹೊಸ ಮಕ್ಕಳೊಂದಿಗೆ ಕಾಡಿನಲ್ಲಿ ನಡೆಸಿದೆ. ಅವತ್ತು ಪಾಠ ಅವನದು, ನಾನು ಹಿಂದೆ ಬರುತ್ತಿದ್ದೆ.

'ಕರ್ವಾಲೊ' ಪ್ರತಿಯೊಂದನ್ನು ಅವನಿಗೆ ಕೊಟ್ಟಿದ್ದೆ. ಓದಿ ಮುಗಿಸಲು ಎರಡು ಮಳೆಗಾಲ ಬೇಕಾಯಿತು. ಕೊನೆಯಲ್ಲಿ ಓತಿ ಯಾರ ಕೈಗೂ ಸಿಗದೆ ತೇಲಿ ಹೋಗುವುದನ್ನು ಓದಿ, "ನಮ್ಮ ತೋಟದಲ್ಲಿ ದಿನಾ ಕಾಣುತ್ತದಲ್ಲ ಮೇಡಂ, ಅಷ್ಟು ದೂರ ಯಾಕೆ ಹೋದರು?" ಎಂದು ಕೇಳಿದ. ಅವನು ಹೇಳಿದ್ದು ಅಡಿಕೆ ಮರಗಳ ಮೇಲೆ ಇರುವೆ ಹಿಡಿಯುತ್ತಾ ಓಡಾಡುವ ಹಾರುವ ಓತಿಯನ್ನು. ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವುದು ಅದೇ.

ಕಳೆದ ವರ್ಷ ಮುಂಗಾರಿನ ಮೊದಲ ಮಳೆಗಳಾದ ಮೇಲೆ ಒಂದು ಬೆಳಿಗ್ಗೆ ಅವನಿಂದ ಫೋನ್ ಬಂತು. "ಹೆಣ್ಣು ಓತಿ ನೆಲಕ್ಕಿಳಿದಿದೆ ಮೇಡಂ, ಮಣ್ಣು ಕೆದರುತ್ತಿದೆ, ಬೇಗ ಬನ್ನಿ." ಬಸ್ಸು ಹಿಡಿದು ತೋಟ ಮುಟ್ಟುವಷ್ಟರಲ್ಲಿ ಅದು ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಮರ ಹತ್ತಿಯಾಗಿತ್ತು. ಯಾರೂ ತುಳಿಯದಿರಲೆಂದು ಅವನು ಆ ಜಾಗದ ಸುತ್ತ ನಾಲ್ಕು ಕಡ್ಡಿ ಚುಚ್ಚಿದ್ದ. ನಾವು ಅಗೆದು ನೋಡಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಕೊಟ್ಟೆ. ತಾರೀಖು, ಸಮಯ, ಯಾವ ಮರದ ಬುಡ ಎಂಬುದನ್ನು ಅವನೇ ಬರೆದ.