ಕಣ್ಣಿನ ಮೇಲೆ ಪ್ರೋಬ್ ಇಟ್ಟು ತಲೆಯೊಳಗಿನ ಒತ್ತಡ ಅಂದಾಜಿಸುವುದು

ತಲೆಬುರುಡೆಯೊಳಗಿನ ಒತ್ತಡ ಎಷ್ಟಿದೆ ಎಂದು ಖಚಿತವಾಗಿ ತಿಳಿಯಬೇಕೆಂದರೆ ಬುರುಡೆಗೆ ತೂತು ಕೊರೆದು ಒಳಗೆ ಕೊಳವೆ ಇಳಿಸಬೇಕು. ನಾನಿರುವ ಜಿಲ್ಲಾಮಟ್ಟದ ಐಸಿಯುನಲ್ಲಿ ಅದನ್ನು ಮಾಡುವ ನ್ಯೂರೋಸರ್ಜನ್ ಇಲ್ಲ. ಸಿಟಿ ಸ್ಕ್ಯಾನ್ ಇದೆ, ಆದರೆ ವೆಂಟಿಲೇಟರ್ ಮೇಲಿದ್ದು ಬಿಪಿಯೂ ನಿಲ್ಲದವರನ್ನು ಮತ್ತೆ ಮತ್ತೆ ಅಲ್ಲಿಗೆ ಒಯ್ಯುವುದು ಆಗದ ಮಾತು. ಹಾಗಾಗಿ ನಾನು ಕಣ್ಣಿನ ಅಲ್ಟ್ರಾಸೌಂಡ್ ರೂಢಿಸಿಕೊಂಡೆ.

"ಪೆಟ್ಟು ಬಿದ್ದಿರೋದು ತಲೆಗೆ, ಕಣ್ಣಿಗ್ಯಾಕೆ ಸ್ಕ್ಯಾನು ಸಾರ್?" ಎಂದು ರೋಗಿಯ ಕಡೆಯವರು ಕೇಳುವುದುಂಟು. ಮಿದುಳಿನ ಹೊರಪೊರೆಯೇ ಮುಂದುವರಿದು ಆಪ್ಟಿಕ್ ನರಕ್ಕೆ, ಅಂದರೆ ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿಯ ನರಕ್ಕೆ, ಕವಚವಾಗಿದೆ, ಮಿದುಳನ್ನು ಸುತ್ತುವರಿದ ದ್ರವವೇ ಅದರೊಳಗೂ ಇದೆ. ಒತ್ತಡ ಏರಿದರೆ ಕವಚ ನಿಮಿಷಗಳಲ್ಲೇ ಉಬ್ಬುತ್ತದೆ. ಆಫ್ತಾಲ್ಮೋಸ್ಕೋಪ್ ಎಂಬ ಉಪಕರಣ ಹಿಡಿದು ಕಣ್ಣಿನೊಳಗೆ ನೋಡಿದರೆ ಕಾಣುವ ನರದ ಊತಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು.

ತಲೆಯ ಭಾಗವನ್ನು ಸುಮಾರು 30 ಡಿಗ್ರಿ ಎತ್ತರಿಸಿ, ಮುಚ್ಚಿದ ರೆಪ್ಪೆಯ ಮೇಲೆ ಪಾರದರ್ಶಕ ಡ್ರೆಸಿಂಗ್ ಅಂಟಿಸಿ, ಧಾರಾಳವಾಗಿ ಜೆಲ್ ಹಾಕುತ್ತೇನೆ. ಬೇಕಾದದ್ದು ರಕ್ತನಾಳ ನೋಡುವ ಲೀನಿಯರ್ ಪ್ರೋಬ್. ಯಂತ್ರದಲ್ಲಿ ಕಣ್ಣಿನ ಸೆಟ್ಟಿಂಗ್ ಇದ್ದರೆ ಅದನ್ನೇ ಆರಿಸಬೇಕು; ಶಬ್ದಶಕ್ತಿ ಕಡಿಮೆಯಿರುತ್ತದೆ. ಅಂಗೈಯನ್ನು ರೋಗಿಯ ಹಣೆಗೋ ಕೆನ್ನೆಮೂಳೆಗೋ ಊರಿದರೆ ಪ್ರೋಬಿನ ಭಾರ ಕಣ್ಣಿಗೆ ಬೀಳದೆ ಜೆಲ್ಲಿನ ಮೇಲೇ ತೇಲುತ್ತದೆ. ಕಣ್ಣುಗುಡ್ಡೆಯೇ ಒಡೆದಿರಬಹುದೆಂಬ ಅನುಮಾನವಿದ್ದರೆ ಪ್ರೋಬ್ ಮುಟ್ಟಿಸಲೇಬಾರದು.

ಗುಡ್ಡೆ ಕಪ್ಪು ದುಂಡಗೆ ಕಾಣುತ್ತದೆ, ಅದರ ಹಿಂದೆ ನರ ಕಪ್ಪು ಪಟ್ಟಿಯಾಗಿ ಇಳಿಯುತ್ತದೆ. ಗುಡ್ಡೆಯ ಹಿಂಭಾಗದಿಂದ 3 ಮಿಮೀ ಕೆಳಗೆ ಕವಚದ ಅಗಲವನ್ನು ಅಡ್ಡಲಾಗಿ ಅಳೆಯಬೇಕು, ಕವಚ ಹೆಚ್ಚು ಹಿಗ್ಗುವುದು ಅಲ್ಲೇ. ಕಷ್ಟವಿರುವುದೂ ಇಲ್ಲೇ. ಕಣ್ಣಿನ ಹಿಂಗೋಡೆಯಿಂದ ಬೀಳುವ ನೆರಳೂ ಕಪ್ಪು ಪಟ್ಟಿಯೇ, ಹೊಸಬರು ಅದನ್ನೇ ನರವೆಂದು ಅಳೆದುಬಿಡುತ್ತಾರೆ. ಪ್ರೋಬನ್ನು ಕೊಂಚ ವಾಲಿಸಿದರೆ ನೆರಳು ಜಾಗ ಬದಲಿಸುತ್ತದೆ, ನರ ಇದ್ದಲ್ಲೇ ಇರುತ್ತದೆ. ಕವಚದ ಒಳ ಅಂಚಿನಿಂದ ಅಳೆಯಬೇಕೋ ಹೊರ ಅಂಚಿನಿಂದಲೋ ಎಂಬುದರಲ್ಲೂ ಒಮ್ಮತವಿಲ್ಲ. ವಯಸ್ಕರಲ್ಲಿ ಅನುಮಾನದ ಗಡಿ 5 ಮಿಮೀ ಎಂದು ಕೆಲವರು, 6ರ ಹತ್ತಿರ ಎಂದು ಕೆಲವರು ಹೇಳುವುದಕ್ಕೆ ಅದೂ ಒಂದು ಕಾರಣ. ನಮ್ಮಲ್ಲಿ ಎಲ್ಲರೂ ಒಂದೇ ರೀತಿ ಅಳೆಯಬೇಕೆಂದು ಪಟ್ಟು ಹಿಡಿದಿದ್ದೇನೆ. ಎರಡೂ ಕಣ್ಣು, ಪ್ರೋಬ್ ಅಡ್ಡ ಹಿಡಿದು ಒಮ್ಮೆ, ಉದ್ದ ಹಿಡಿದು ಒಮ್ಮೆ, ಆಮೇಲೆ ಸರಾಸರಿ.

ಒಂದೇ ಅಳತೆ ನೋಡಿ ನಾನು ತಲೆಯೊಳಗಿನ ಒತ್ತಡ ಇಳಿಸುವ ಮ್ಯಾನಿಟಾಲ್ ಔಷಧಿ ಹಾಕುವುದಿಲ್ಲ. ಬೆಳಿಗ್ಗೆ 4.8 ಇದ್ದದ್ದು ಮಧ್ಯಾಹ್ನ 5.7 ಆಗಿ, ಜೊತೆಗೆ ಪ್ರಜ್ಞೆಯೂ ಇಳಿಯುತ್ತಿದ್ದರೆ ಕಾಯುವ ಪ್ರಶ್ನೆಯಿಲ್ಲ. ಆದರೆ ಬಹಳ ಹೊತ್ತು ಹಿಗ್ಗಿದ್ದ ಕವಚ ಒತ್ತಡ ಇಳಿದರೂ ಕುಗ್ಗದೆ ಉಳಿಯಬಹುದು, ಆಗ ಅಳತೆಯನ್ನು ನೆಚ್ಚಿಕೊಂಡರೆ ಕೆಟ್ಟಿತು. ಟಿಬಿ ಮೆನಿಂಜೈಟಿಸ್ (ಮಿದುಳಿನ ಪೊರೆಗೆ ತಗಲುವ ಕ್ಷಯ) ಅನುಮಾನವಿದ್ದಾಗ, ಬೆನ್ನಿನಿಂದ ನೀರು ತೆಗೆಯುವ ಮೊದಲು ಉಬ್ಬಿದ ಕವಚ ಕಂಡರೆ ಕೈ ತಡೆಯುತ್ತೇನೆ. ಹಾಗೆಂದು ಉಬ್ಬಿಲ್ಲದಿದ್ದರೆ ಸಿಟಿ ಬೇಡ ಎಂದು ಅರ್ಥವಲ್ಲ.

ಇನ್ನೊಂದು ಮಾತು: ಕಣ್ಣು ನೋಡುವುದಕ್ಕಾದರೂ ಅಲ್ಟ್ರಾಸೌಂಡ್ ಯಂತ್ರಕ್ಕೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ಅಡಿ ನೋಂದಣಿ ಬೇಕು. ಹೊಸದಾಗಿ ತರಿಸುವವರು ಮೊದಲು ಆ ಕಾಗದಪತ್ರ ಮುಗಿಸಿಕೊಳ್ಳಿ.

ನಿಮ್ಹಾನ್ಸ್‌ಗೆ ಕಳಿಸುವಾಗ ರೆಫರಲ್ ಚೀಟಿಯಲ್ಲಿ ಎರಡೂ ಕಣ್ಣಿನ ಅಳತೆ, ತೆಗೆದ ಸಮಯ, ಅದು ಮ್ಯಾನಿಟಾಲ್‌ಗೆ ಮುಂಚಿನದೋ ನಂತರದ್ದೋ ಎಂಬುದನ್ನು ಬರೆಯುತ್ತೇನೆ. ಆಗ ಅಲ್ಲಿಯವರು ಮತ್ತೆ ಅಳೆದರೆ ಹೋಲಿಸಿ ನೋಡಬಹುದು.